ತುರ್ಕಿಯ ಸುದ್ದಿ, ಶಹಾಪುರದ ಸಹಿ

ಶಹಾಪುರದ ಬೀರಣ್ಣನ ಚಹಾದಂಗಡಿಯಲ್ಲಿ ಆಗೆಲ್ಲ ನಾವಿಬ್ಬರೂ ಸೇರಿದರೆ ಒಂದು ಪತ್ರಿಕೆ. ದಸ್ತಗೀರಸಾಬ ಉರ್ದು ಪೇಪರ್ ಗಟ್ಟಿಯಾಗಿ ಓದುತ್ತಿದ್ದ. ನಾನು, ಹಣಮಂತ್ರಾಯ, ಅದನ್ನು ಮಂದಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಉರ್ದು ಮಾತು ನನಗೆ ತಿಳಿಯುತ್ತದೆ, ಅಕ್ಷರ ಬಾರದು. ನಿಜಾಮರ ಕಾಲದಲ್ಲಿ ಅವರ ವಿರುದ್ಧ ಚಳವಳಿ ಮಾಡಿ ನಾನು ಆರು ತಿಂಗಳು ಜೈಲಿನಲ್ಲಿದ್ದಾಗ ನನ್ನ ಮನೆಗೆ ಜೋಳ ಹೊತ್ತು ತಂದವನೂ ಅವನೇ.

ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಅವನು ನಿಜಾಮರ ಪರ ಹಾವಳಿ ಮಾಡಿದ ರಜಾಕಾರನೆಂದು ಯಾರೋ ಅರ್ಜಿ ಬರೆದರು. ಅವನ ಸಾಲಿ ಮಾಸ್ತರಿಕೆ ಹೋಯಿತು. ಐವತ್ತನೇ ಇಸವಿಯಲ್ಲಿ, ಅಂಥವರು ರಜಾಕಾರರಲ್ಲ ಎಂದು ನಮ್ಮ ಪಕ್ಷದವರು ಬರೆದುಕೊಟ್ಟರೆ ನೌಕರಿ ವಾಪಸು ಸಿಗುತ್ತದೆ ಎಂದಾಯಿತು. ನಾನು ಪಕ್ಷದ ತಾಲೂಕು ಕಾರ್ಯದರ್ಶಿ.

"ನೀ ಬರದ ಕೊಡು ಹಣಮಂತು. ನಾ ಎಂಥಾವ ಅಂತ ನಿನಗ ಗೊತ್ತದ," ಎಂದ.

"ಅಧ್ಯಕ್ಷರನ್ನ ಒಂದ್ ಮಾತ ಕೇಳತೀನಿ," ಎಂದೆ.

ಅಧ್ಯಕ್ಷ ಅಂದರೆ ದೇಸಾಯಿ. ರಜಾಕಾರರಿಗೆ ತನ್ನ ವಾಡೆಯಲ್ಲೇ ಊಟ ಹಾಕಿಸಿದವನು, ಈಗ ಬಿಳಿ ಟೋಪಿ ಇಟ್ಟಿದ್ದ. ಅವನನ್ನು ಪಕ್ಷಕ್ಕೆ ಸೇರಿಸುವಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಅಂದು ಪೇಪರಿನಲ್ಲಿ ತುರ್ಕಿಯ ಸುದ್ದಿ. ಮಸೀದಿಯ ಬಾಂಗನ್ನು ತುರ್ಕಿ ಭಾಷೆಯಲ್ಲೇ ಕೂಗಬೇಕೆಂದು ಹಟ ಹಿಡಿದು, ಅರಬ್ಬಿಯಲ್ಲಿ ಕೂಗಿದವರನ್ನು ಜೈಲಿಗೆ ಹಾಕಿಸಿದ್ದ ರಾಷ್ಟ್ರವಾದಿ ಪಕ್ಷ ಚುನಾವಣೆಯಲ್ಲಿ ಸೋತಿತ್ತು. ಹೊಸ ಸರಕಾರ ಅರಬ್ಬಿ ಬಾಂಗಿಗೆ ಒಪ್ಪಿಗೆ ಕೊಟ್ಟಾಗ ಆ ಪಕ್ಷದವರೂ ವಿರೋಧಿಸಲಿಲ್ಲವಂತೆ. ನನಗೆ ನಗು ಬಂತು.

"ಜೈಲಿಗೆ ಹಾಕಸಿದಾವ್ರೇ ಈಗ ಬಾಯಿ ಮುಚ್ಚಿಕೊಂಡ ಕುಂತಾರ ನೋಡು!"

ದಸ್ತಗೀರ ನಗಲಿಲ್ಲ. "ಸೋತ ಪಕ್ಷ ಬದಲಾಗತದ, ಬಿಡು. ಗೆದ್ದ ಪಕ್ಷನೂ ಬದಲಾಗತದಲ್ಲ, ನನಗ ಅದರದೇ ಅಂಜಿಕಿ," ಎಂದ. ದೇಸಾಯಿಯನ್ನು ಸೇರಿಸಿಕೊಂಡ ನಮ್ಮ ಪಕ್ಷಕ್ಕೇ ಅಂದ ಮಾತು ಅದು.

ಮರುದಿನ ವಾಡೆಗೆ ಹೋಗಿ ದೇಸಾಯಿಯ ಕೈಕಾಲು ಹಿಡಿದೆ. ಆತ ದೊಡ್ಡ ಮನಸ್ಸು ಮಾಡಿದವನಂತೆ ದಸ್ತಗೀರ ರಜಾಕಾರನಲ್ಲವೆಂಬ ಕಾಗದಕ್ಕೆ ತಾನೇ ಸಹಿ ಹಾಕಿ ಮೊಹರು ಒತ್ತಿದ. ನನ್ನ ಸಹಿಗಿಂತ ತೂಕದ್ದೇ ಸಿಕ್ಕಿತೆಂದು ಹಿಗ್ಗಿ ದಸ್ತಗೀರನ ಮನೆಗೆ ಓಡಿದೆ. ಎಂಥ ಹುಂಬ ನಾನು!

ಅವನು ಓದಿ ಮುಗಿಸಿ ತಲೆ ಎತ್ತಿದ.

"ನಾ ರಜಾಕಾರ ಅಲ್ಲಂತ, ರಜಾಕಾರರಿಗೆ ಉಣ್ಣಾಕ ಹಾಕಿದಾವನ ಸಹಿ ತಂದೀಯೇನು? ನಿನ್ನ ಸಹಿ ಎಲ್ಲದ?"

ದೇಸಾಯಿಯನ್ನು ಬಿಟ್ಟು ನಾನೇ ಸಹಿ ಹಾಕಲು ಹೆದರಿದ್ದೆ, ಅಷ್ಟೇ. ಕಾಗದ ಹರಿದು ಮುಖಕ್ಕೆ ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಸೆಯಲಿಲ್ಲ. ಬಾಗಿಲಲ್ಲಿ ಹೆಂಡತಿ ಜಹೀರುನ್ನೀಸಾ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು. ಮಡಚಿ ಜೇಬಿಗಿಟ್ಟುಕೊಂಡ.

ನೌಕರಿ ಸಿಕ್ಕಿತು. ಈಗಲೂ ಸಾಲಿ ಬಿಟ್ಟ ಮೇಲೆ ಅಂಗಡಿಗೆ ಬರುತ್ತಾನೆ, ನನಗೆ ಸಲಾಂ ಹೇಳುತ್ತಾನೆ, ಎದುರಿಗೇ ಕೂರುತ್ತಾನೆ. ಪೇಪರನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಂಡು ಹೋಗುತ್ತಾನೆ.