ಕಾಲು ಬಿಡದ ಪೆಡಲು

ನಿವೃತ್ತ ಪೋಸ್ಟ್‌ಮ್ಯಾನರ ಸೈಕಲ್ಲಿನಲ್ಲಿ ಶೂ ತಳದ ಕ್ಲೀಟು ಎಂಬ ಕೊಕ್ಕೆ ಪೆಡಲಿಗೆ ಟಕ್ಕನೆ ಕಚ್ಚಿಕೊಳ್ಳುತ್ತದೆ; ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳಬೇಕು. ಈ ವಾರ ಎಡಗಾಲು ಬಿಡದೆ ಅವರು ಎರಡು ಸಲ ಸಿಗ್ನಲ್ಲಿನಲ್ಲಿ ಮಗ್ಗುಲಾಗಿ ಬಿದ್ದರು. ಮಂಡಿಯ ಕಸುವು ಹೋಯಿತು, ಇನ್ನು ಸೈಕಲ್ಲು ಮೂಲೆಗೆ ಎಂದು ಒಳಗೊಳಗೇ ಕುಸಿದರು. ಹೆಂಡತಿಯ ಮುಂದೆ ಮಾತ್ರ ತಪ್ಪೆಲ್ಲ ಪೆಡಲಿನದು.

ಬೆಳಿಗ್ಗೆಯಿಂದ ಬಾಗಿಲ ಬಳಿ ಕೂತು ಪೆಡಲನ್ನು ಉಜ್ಜಿದರು, ಗ್ರೀಸ್ ಹಚ್ಚಿದರು, ಸ್ಪ್ರಿಂಗ್ ಸಡಿಲಿಸಿದರು. ಶೂ ಹಾಕಿ ತಿರುಗಿಸಿದರೆ ಮತ್ತೆ ಅದೇ ರಾಗ.

"ಪೆಡಲಿಗೆ ಇಷ್ಟು ಸೇವೆ ಮಾಡಿದ್ರಲ್ಲ, ಶೂ ಮಗುಚಿ ನೋಡಿದ್ರಾ?" ಎಂದರು ಹೆಂಡತಿ, ಹೊಲಿಗೆ ಮಷೀನಿನಿಂದ ತಲೆ ಎತ್ತದೆ.

ನೋಡಿರಲಿಲ್ಲ. ಈಗ ಎಡಗಾಲಿನ ಶೂ ಮಗುಚಿದರು. ಕ್ಲೀಟನ್ನು ಹಿಡಿದಿದ್ದ ಎರಡು ಸ್ಕ್ರೂಗಳಲ್ಲಿ ಒಂದು ಉದುರಿತ್ತು. ಹಾಗಾಗಿ ಶೂ ತಿರುಗಿದರೂ ಒಂದೇ ಸ್ಕ್ರೂ ಹಿಡಿದಿದ್ದ ಕ್ಲೀಟು ಜೊತೆಗೆ ತಿರುಗದೆ ಪೆಡಲಿನಲ್ಲೇ ಕೂತಿರುತ್ತಿತ್ತು.

ಆಕೆ ಹತ್ತಿರ ಬಂದು ಬಗ್ಗಿ ನೋಡಿದರು. ಒಳಗೆ ಹೋಗಿ ಗುಂಡಿಗಳ ಡಬ್ಬಿ ತಡಕಿ, ಒಂದು ಸ್ಕ್ರೂ ತಂದು ಕೈಗಿಟ್ಟರು.

"ಹೋದ ವಾರ ಗುಡಿಸುವಾಗ ಸಿಕ್ತು. ನನ್ನ ಮಷೀನಿಂದ ಬಿದ್ದಿದ್ದು, ಅದಕ್ಕೂ ವಯಸ್ಸಾಯ್ತು ಅಂತ ಕೊರಗ್ತಿದ್ದೆ."

ಪೋಸ್ಟ್‌ಮ್ಯಾನರು ಸ್ಕ್ರೂ ಬಿಗಿದು, ಪೆಡಲಿಗೆ ಕಾಲಿಟ್ಟು ತಿರುಗಿಸಿದರು. ಟಕ್ಕನೆ ಬಿಟ್ಟಿತು. ಮಂಡಿಯನ್ನೊಮ್ಮೆ ಸವರಿಕೊಂಡು, "ನಾನೂ ಹಾಗೇ ಕೊರಗ್ತಿದ್ದೆ ಕಣೆ" ಎಂದರು.