ಕೆಳಗಿನ ದನಿ

ಒದ್ದೆ ಕೋಟುಗಳ ವಾಸನೆ, ಅಮೆರಿಕದ ಈ ರೆಂಟನ್ ಊರಿನ ಮಳೆಯನ್ನೆಲ್ಲ ಚರ್ಚಿನೊಳಗೆ ಹೊತ್ತು ತಂದಿದ್ದಾರೆ ಈ ಮಂದಿ, ಅಗೋ ಎಲ್ಲರೂ ಎದ್ದರು, ತ್ರಿವೇಣಿಯೂ ಎದ್ದಳು — ಇಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ ಅಂತಿಲ್ಲವಂತೆ, ಐನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಪಾದ್ರಿಗಳ ಬಾಯಲ್ಲಿದ್ದ ಹಾಡನ್ನು ಮಂದಿಯ ಬಾಯಿಗೆ ಕೊಟ್ಟರಂತೆ, ಬಡಗಿ, ಕಂಬಾರ ಯಾರು ಬೇಕಾದರೂ ಹಾಡುವಂಥ ಸರಳ ಧಾಟಿ, ದೊಡ್ಡ ದೊಡ್ಡ ಸಂಗೀತಗಾರರು ಅದರ ಮ್ಯಾಲ ಮಾಳಿಗಿ ಮ್ಯಾಲ ಮಾಳಿಗಿ ಕಟ್ಟಿದ್ರು ನೋಡು, ಇವತ್ತ ನಾವು ಕೈಕಟ್ಟಿ ಕೇಳೋ ಸಂಗೀತದ ತಳಪಾಯ ಈ ಮಂದಿಹಾಡು — ರೊಟ್ಟಿ ಬಡಿಯುತ್ತಿದ್ದವಳ ಬೆನ್ನ ಹಿಂದೆ ನಿಂತು ಹೇಳಿದ್ದ ಶಶಿಕಾಂತ, ಅವಳ ಗಂಡ, ಅವಳು ಹೂಂ ಹೂಂ ಅಂದಿದ್ದಳು, ಹಿಟ್ಟು ಕೈಗಂಟುತ್ತಿತ್ತು. ಹುಬ್ಬಳ್ಳಿಯವನು, ಇಷ್ಟಲಿಂಗ ಪೂಜೆ ಒಂದು ದಿನವೂ ತಪ್ಪಿಸದವನು, ವಿಮಾನದ ಕಾರ್ಖಾನೆ ಮುಗಿಸಿ ಸಂಜೆ ಚರ್ಚಿನ ಹಾಡುಗಾರರ ತಂಡಕ್ಕೆ, ಆ ಕಾಯಿರ್‌ಗೆ ಓಡುತ್ತಿದ್ದ, ದಪ್ಪ ದನಿಯ ಗಂಡಸರು ಸಿಗ್ತಿಲ್ಲ ಅಂತ ಅಲ್ಲಿ ಹಾಡುವ ಅವಳ ಗೆಳತಿ ಅಲಮೇಲು ಕರೆದದ್ದೇ ನೆಪ. ಇದೇನ್ರೀ, ಎರಡು ಸ್ವರಕ್ಕ ಜೋತುಬಿದ್ದೀರಿ, ಇದಕ್ಕೂ ಹಾಡ ಅಂತಾರೇನು, ಅಂದಿದ್ದಳು ಅವಳು. ಏ ಹುಚ್ಚಿ, ಇದು ಕೆಳಗಿನ ದನಿ, ಮ್ಯಾಲಿಂದು ಬ್ಯಾರೆಯವರು ಹಾಡ್ತಾರ, ಒಮ್ಮೆ ಬಾ ಅಲ್ಲೇ ಕೇಳು. ಬಂದಳು, ಈಗ ಬಂದಳು, ಅವನು ಹೋದಮೇಲೆ, ಅವನ ನೆನಪಿಗೆ ಹಾಡುವಾಗ.

ಕೂತರು ಎಲ್ಲರೂ, ಇನ್ನು ಅದೇ ಧಾಟಿಯ ಮೇಲೆ ಕಟ್ಟಿದ್ದನ್ನ ಕಾಯಿರ್ ಹಾಡುತ್ತೆ, ಶಶಿ ಕೊನೇಗೆ ಪ್ರಾಕ್ಟೀಸ್ ಮಾಡ್ತಿದ್ದದ್ದು ಇದನ್ನೇ, ಅಂದಿದ್ದಳು ಅಲಮೇಲು — ಗೊತ್ತು, ಫೋನಿನಲ್ಲಿದೆಯಲ್ಲ, ಆ ಬೆಳಗ್ಗೆ ಕಾರ್ಖಾನೆಯ ಪಾರ್ಕಿಂಗ್‌ನಲ್ಲಿ ಕಾರೊಳಗೇ ಕೂತು ಹಾಡಿ ಕಳಿಸಿದ್ದು, ಹೆಂಗ ಬಂದೈತಿ ಹೇಳು ಅಂತ, ಅವಳು ಮೀಟಿಂಗಿನಲ್ಲಿದ್ದಳು, ಆಮೇಲೆ ಕೇಳಿದರಾಯಿತು ಅಂದುಕೊಂಡಳು, ಮಧ್ಯಾಹ್ನ ಊಟದ ಸಾಲಿನಲ್ಲೇ ಎದೆ ಹಿಡಿದುಕೊಂಡು ಬಿದ್ದನಂತೆ. ಆಮೇಲೆ ಕೇಳಿದಳು, ದಿನಾ ಕೇಳಿದಳು, ನಡುವೆ ಹಾಡು ಪಟಕ್ಕನೆ ನಿಲ್ಲುತ್ತದೆ, ಸ್ಟೀರಿಂಗ್ ಮೇಲೆ ಬೆರಳು, ಟಕ್, ಟಕ್, ಟಕ್, ಮತ್ತೆ ದನಿ — ಅವಳು ಕಲಿತ ಸಂಗೀತದಲ್ಲಿ ಹಾಡುವವ ಒಬ್ಬನೇ, ಅವನು ನಿಂತನೆಂದರೆ ಹಾಡೇ ನಿಂತಿತು, ಅವನ ಉಸಿರು ಕಟ್ಟಿರಬೇಕು, ಅಯ್ಯೋ ನೋವು ಆಗಲೇ ಶುರುವಾಗಿತ್ತು, ಆಗಲೇ ಕೇಳಿ ಫೋನ್ ಮಾಡಿದ್ದರೆ, ಆಸ್ಪತ್ರೆಗೆ ಹೋಗ್ರಿ ಅಂದಿದ್ದರೆ. ಅಮ್ಮಾ, ಪ್ಲೀಸ್, ಸ್ಟಾಪ್ ಲಿಸನಿಂಗ್ ಟು ದಟ್, ಮಗಳು ಸ್ಮಿತಾ ಅಳುತ್ತಿದ್ದಳು.

ಬಂತು, ಆ ಎರಡು ಸ್ವರ, ಅವನದೇ ಸಾಲು, ಹಿಂದಿನ ಸಾಲಿನ ಗಂಡಸರ ಬಾಯಲ್ಲಿ, ಈಗ ನಿಲ್ಲುತ್ತದೆ, ಅವಳಿಗೆ ಗೊತ್ತು ಎಲ್ಲಿ ಅಂತ, ಸೀರೆಯ ಸೆರಗು ಮುಷ್ಟಿಯಲ್ಲಿ — ನಿಂತಿತು. ಗಂಡಸರೆಲ್ಲ ಒಟ್ಟಿಗೇ ಬಾಯಿ ಮುಚ್ಚಿದರು, ಯಾರ ಎದೆಯೂ ನೋಯುತ್ತಿಲ್ಲ, ಒಬ್ಬ ಹಾಡಿನ ಫೈಲಿನ ಬೆನ್ನ ಮೇಲೆ ಬೆರಳು ಬಡಿಯುತ್ತಿದ್ದಾನೆ, ಅವರ ತಲೆಯ ಮೇಲಿಂದ ಹೆಂಗಸರ ದನಿ, ಎಲ್ಲರೂ ನಿಂತು ಹಾಡಿದ ಅದೇ ಸರಳ ಧಾಟಿ, ನಿಧಾನಕ್ಕೆ, ಉದ್ದಕ್ಕೆ. ನೋವಲ್ಲ. ಶಶಿ ತಾಳ ಎಣಿಸುತ್ತಿದ್ದ. ಆ ಮುಚ್ಚಿದ ಕಾರಿನಲ್ಲಿ ಈ ಮೇಲಿನ ದನಿಯೆಲ್ಲ ಅವನಿಗೊಬ್ಬನಿಗೇ, ಮನಸ್ಸಿನೊಳಗೆ, ಕೇಳಿಸುತ್ತಿತ್ತು, ಖುಷಿಯಾಗಿದ್ದ ಶಶಿ, ಅಯ್ಯೋ ಎಷ್ಟು ಖುಷಿಯಾಗಿದ್ದ, ತಪ್ಪು ಅವಳದಲ್ಲ ಅಂತ ಎದೆ ಹಗುರಾಗಬೇಕಿತ್ತು, ಆಗುತ್ತಿಲ್ಲ, ಒಮ್ಮೆ ಬಾ ಅಂದಿದ್ದ, ತನ್ನ ಪಾಳಿಗೆ ಕಾಯುತ್ತಿದ್ದ ಅಷ್ಟೆ — ಗಂಡಸರು ಮತ್ತೆ ಬಾಯಿ ತೆರೆದರು, ಪಾಳಿ ಬಂತು, ಬಂತು ನೋಡ್ರಿ, ಹಾಡ್ರೀ, ಅವಳ ತುಟಿ ಅಲುಗಿತು, ಹಾಡ್ರಿ ಈಗ — ಅವಳ ಕಿವಿಯಲ್ಲಿ ಇನ್ನೂ ಸ್ಟೀರಿಂಗ್ ಮೇಲೆ ಬೆರಳು, ಟಕ್, ಟಕ್, ಟಕ್