ಅಂಚಿನಲ್ಲಿದ್ದ ಕೈ

ತೌನೊ ಕಂಗಾಸ್ ಮಾತಾಡುವವನು, ಅವನ ಹೆಂಡತಿ ಎಲ್ಮಾ ಕತ್ತರಿಸುವವಳು. ಎಂಜಿನ್ನಿನ ಹಿಮಬಂಡಿಯ ಮೇಲೆ ಕುಳಿತು ಕಾಡುದಾರಿ ಹಿಡಿದನೆಂದರೆ ತೌನೊನ ಬಾಯಿಗೆ ಬೀಗವಿರಲಿಲ್ಲ. ಹೆಲ್ಮೆಟ್ಟಿನ ಗಲ್ಲಕ್ಕೆ ಕ್ಯಾಮೆರಾ, ಒಳಗಡೆ ಕಡಲೆಕಾಳಿನಷ್ಟು ಮೈಕು. ಈ ದಿಬ್ಬದಾಚೆ ಬೀವರ್ ಪ್ರಾಣಿ ಕಟ್ಟಿದ ಒಡ್ಡಿದೆ, ಈ ಸೇತುವೆಗೆ ಹಲಗೆ ಹೊಡೆದವರು ನಮ್ಮ ಕ್ಲಬ್ಬಿನವರೇ, ನಿನ್ನೆ ರಾತ್ರಿ ಸರೋವರದ ಕಡೆಯಿಂದ ಬಿದ್ದ ಹಿಮ ಸಕ್ಕರೆಯ ಹಾಗಿದೆ ಎಂದು ಅಂತರ್ಜಾಲದಲ್ಲಿ ನೋಡುವವರಿಗೆಲ್ಲ ಹೇಳುತ್ತಲೇ ಹೋಗುತ್ತಿದ್ದ. ಮನೆಗೆ ಬಂದು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಎಲ್ಮಾಳ ಅಂಗೈಗೆ ಹಾಕಿದರೆ ಅವನ ಕೆಲಸ ಮುಗಿಯಿತು. ಗಾಳಿಯ ಮೊರೆತ ಇಳಿಸಿ, ಬೈಗುಳ ತೆಗೆದು, ಮೂರು ಸಲ ಹೇಳಿದ ಮಾತಿನಲ್ಲಿ ಎರಡನ್ನು ಕಿತ್ತು, ಅರ್ಧ ದಿನದ ಓಟವನ್ನು ಕಾಲು ಗಂಟೆಗೆ ಇಳಿಸುವುದು ಅವಳ ಪಾಲಿನದು. ಊರ ಗ್ರಂಥಾಲಯದಲ್ಲಿ ಒಂದು ಚಳಿಗಾಲ ನಡೆದ ತರಗತಿಯಲ್ಲಿ ಅವಳು ಇದನ್ನು ಕಲಿತಿದ್ದಳು.

"ಮದುವೆಯಾದಾಗಿಂದ ಇವಳು ನನ್ನ ಮಾತು ಕತ್ತರಿಸ್ತಾನೇ ಬಂದಿದಾಳೆ. ಈಗ ಅದಕ್ಕೊಂದು ಕಂಪ್ಯೂಟರ್ ಬೇರೆ ತಂದ್ಕೊಟ್ಟೆ ನಾನು" ಎಂದು ತೌನೊ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಏರೊ ಲಂಪಿ.

ಆ ಏರೊ ಫೆಬ್ರವರಿಯಲ್ಲಿ ಸತ್ತ.

ಏರೊ ಮತ್ತು ತೌನೊ ಒಂದೇ ಶಾಲೆ, ಒಂದೇ ಮರದ ಮಿಲ್ಲು, ಶನಿವಾರ ಶನಿವಾರ ಒಂದೇ ಸೌನಾದ, ಆ ಬಿಸಿಹಬೆಯ ಕೋಣೆಯ, ಬೆವರು ಕಂಡವರು. ಶರತ್ಕಾಲದಲ್ಲಿ ಏರೊನ ಮಂಡಿಗೆ ಆಪರೇಷನ್ ಆಗಿ, ಆ ವರ್ಷ ಹಿಮ ಬಿದ್ದಾಗಿನಿಂದ ತೌನೊ ಒಬ್ಬನೇ ದಾರಿ ಸುತ್ತಿ ಚಿತ್ರ ತೆಗೆದಿದ್ದ. ಫೆಬ್ರವರಿಯ ಆ ದಿನ ಏರೊ ಮೊದಲ ಸಲ ಮತ್ತೆ ಬಂಡಿ ಹತ್ತಿದ್ದ. ಮುಂದೆ ತೌನೊ, ಕೂಗಳತೆಯ ಹಿಂದೆ ಏರೊ. ವಿದ್ಯುತ್ ಕಂಬಗಳ ಸಾಲು ದಾಟುವ ತಿರುವಿನಲ್ಲಿ ಎದುರಿನಿಂದೊಬ್ಬ ಹುಡುಗ ಬಂದ. ತೌನೊನನ್ನು ದಾಟಿದವನೇ ದಾರಿಯ ನಡುವಿಗೆ ಬಂದು ಏರೊನ ಬಂಡಿಗೆ ಹೊಡೆದ. ಏರೊ ಅಲ್ಲೇ ಹೋದ. ಹುಡುಗನ ಭುಜದ ಮೂಳೆ ಮುರಿಯಿತು. ಅವನ ಹೆಸರು ಟ್ರೆಂಟ್ ವ್ಯಾಂಡರ್ವೀನ್, ರಾಜ್ಯದ ದಕ್ಷಿಣ ಭಾಗಕ್ಕೆ ಹೋಗುವ ದೊಡ್ಡ ಸೇತುವೆಯ ಆಚೆಯವನು. ಸೇತುವೆಯಾಚೆಯವರೆಂದರೆ ಈ ಊರಿಗೆ ಮೊದಲೇ ಅಷ್ಟಕ್ಕಷ್ಟೆ.

ಇನ್ನು ಆ ದಾರಿಗಳಲ್ಲೊಂದು ಪದ್ಧತಿ ಇದೆ. ಬಲಗೈ ಹೆಬ್ಬೆರಳು ವೇಗದ ಗುಂಡಿಯ ಮೇಲಿರಬೇಕಾದ್ದರಿಂದ ಎದುರು ಬರುವವರಿಗೆ ಎಡಗೈ ಎತ್ತಿ ತೋರಿಸುತ್ತಾರೆ. ನನ್ನ ಹಿಂದೆ ಎಷ್ಟು ಬಂಡಿ ಇವೆಯೋ ಅಷ್ಟು ಬೆರಳು. ಕೊನೆಯವನು ಮುಷ್ಟಿ ಹಿಡಿಯುತ್ತಾನೆ, ಇನ್ನು ಯಾರೂ ಇಲ್ಲ ಎಂದು. ಒಂಟಿಯಾಗಿ ಹೋಗುವವನದೂ ಮುಷ್ಟಿಯೇ. ಮಕ್ಕಳು ಅಕ್ಷರ ಕಲಿಯುವ ಮೊದಲು ಇದನ್ನು ಕಲಿಯುತ್ತಾರೆ.

"ಆ ಯಜಮಾನರು ಮುಷ್ಟಿ ತೋರಿಸಿದ್ರು. ಹಿಂದೆ ಯಾರೂ ಇಲ್ಲ ಅಂದ್ಕೊಂಡು, ಬದಿಯಲ್ಲಿದ್ದ ಹಳ್ಳ ತಪ್ಪಿಸೋಕೆ ನಡುವಿಗೆ ಬಂದೆ" ಎಂದು ಹುಡುಗ ಆಸ್ಪತ್ರೆಯ ಹಾಸಿಗೆಯಿಂದಲೇ ಹೇಳಿದ್ದ.

"ಒಂದು ಬೆರಳು ಎತ್ತಿದ್ದೆ, ದೇವರಾಣೆ" ಎಂದ ತೌನೊ. ಊರು ತೌನೊನನ್ನು ನಂಬಿತು. ಕ್ಯಾಮೆರಾ ಮುಂದಕ್ಕೆ ನೋಡುತ್ತಿದ್ದುದರಿಂದ ಡಿಕ್ಕಿ ಅದರಲ್ಲಿ ಇರಲಿಲ್ಲ. ಶೆರಿಫ್ ಕಚೇರಿಯ ಪೊಲೀಸರು ತಿರುವಿನ ತುಣುಕು ಕೇಳಿದರು, ಎಲ್ಮಾ ಕೊಟ್ಟಳು, ಅದರಲ್ಲಿ ಕೈಯೇ ಕಾಣಲಿಲ್ಲ. ಹುಡುಗನ ಮೇಲೆ ಮೊಕದ್ದಮೆಯಾಯಿತು. ಮಾರ್ಚ್ ಕೊನೆಗೆ ವಿಚಾರಣೆ. ಜೈಲಾಗುವುದು ಖಂಡಿತ ಎಂದು ಪೆಟ್ರೋಲ್ ಬಂಕಿನಲ್ಲಿ ಮಾತು.

ವಿಚಾರಣೆಗೆ ಮೊದಲಿನ ವಾರ ಕ್ಲಬ್ಬಿನವರು ಹಿಮದ ಕಾಲ ಮುಗಿಸುವ ಊಟ. ಅಲ್ಲಿ ಹಾಕಲು ಏರೊನ ನೆನಪಿಗೊಂದು ಚಿತ್ರ ಮಾಡಿಕೊಡು ಎಂದು ಎಲ್ಮಾಳನ್ನು ಕೇಳಿದರು. ಅವಳು ಒಪ್ಪಿಕೊಂಡಳು. ಅಡುಗೆಮನೆಯ ಮೇಜಿನ ಮೇಲೆ, ಬೆಳಗಿನ ಬೆಳಕಿನಲ್ಲಿ, ದಿನಕ್ಕಿಷ್ಟು ಎಂದು ಕೂತು ಹಳೆಯ ಓಟಗಳನ್ನೆಲ್ಲ ತೆಗೆದು ನೋಡಿದಳು. ಏರೊ ಬಂಡಿ ಹೂತುಕೊಂಡು ಸೊಂಟದವರೆಗೆ ಹಿಮದಲ್ಲಿ ನಿಂತದ್ದು, ಏರೊ ಎಂಜಿನ್ನಿನ ಮೇಲೆ ಪ್ಯಾಸ್ಟಿ ಎಂಬ ಮಾಂಸದ ಕಡುಬು ಬಿಸಿಮಾಡಲು ಹೋಗಿ ಕಾಗದ ಸಮೇತ ಸುಟ್ಟದ್ದು. ನೋಡುತ್ತ ನಗುವಳು, ನಕ್ಕದ್ದಕ್ಕೆ ಮೂಗು ಒರೆಸಿಕೊಳ್ಳುವಳು.

ಕೊನೆಯ ದಿನದ ಓಟವನ್ನು ಅವಳು ಮುಟ್ಟಿರಲಿಲ್ಲ. ಆದರೆ ಅದರ ಆರಂಭದಲ್ಲಿ ಏರೊ ಹೊಸ ಮಂಡಿಯ ಮೇಲೆ ಕುಣಿದು ತೋರಿಸಿದ್ದನೆಂದು ತೌನೊ ಹೇಳಿದ್ದ. ಅದು ಬೇಕೆನಿಸಿತು. ತೆರೆದು ನೋಡಿದರೆ ಏರೊ ಅರ್ಧ ಮಾತ್ರ ಇದ್ದ, ಚಿತ್ರದ ಅಂಚು ಅವನನ್ನು ನಡುವೆ ಸೀಳಿತ್ತು.

ಅದಕ್ಕೆ ಕಾರಣ ಅವಳೇ. ಆ ಕ್ಯಾಮೆರಾ ಅಗಲಗಣ್ಣಿನದು. ಎರಡೂ ಬದಿಯ ಮರಗಳು ಬಿಲ್ಲಿನ ಹಾಗೆ ಬಾಗಿ ಕಾಣುತ್ತಿದ್ದವು, ಅದು ಅವಳಿಗೆ ಸರಿಬರುತ್ತಿರಲಿಲ್ಲ. ಕಾರ್ಡು ಕೈಗೆ ಬಂದೊಡನೆ, ಪ್ಯಾಸ್ಟಿಯ ಹಿಟ್ಟು ಲಟ್ಟಿಸಿ ಅಂಚು ತೆಗೆದಷ್ಟು ಸಲೀಸಾಗಿ, ಬದಿಗಳನ್ನು ಕೊರೆದು ಮರಗಳನ್ನು ನೆಟ್ಟಗೆ ನಿಲ್ಲಿಸಿಬಿಡುತ್ತಿದ್ದಳು. ಮುಂದಿನ ಕೆಲಸವೆಲ್ಲ ಆ ಪ್ರತಿಯ ಮೇಲೆಯೇ. ಶೆರಿಫ್ ಕಚೇರಿಗೆ ಕೊಟ್ಟದ್ದೂ ಅದನ್ನೇ. ಅದರಲ್ಲಿ ಬೇರೆ ಯೋಚನೆಯೇನೂ ಇರಲಿಲ್ಲ. ಅವರು ಇನ್ನೊಂದಿದೆಯೇ ಎಂದು ಕೇಳಲಿಲ್ಲ, ಇವಳಿಗೆ ಹೊಳೆಯಲಿಲ್ಲ.

ಎಲ್ಮಾ ಆ ದಿನದ ಕಾರ್ಡು ಹುಡುಕಿ ತಂದು, ಕೊರೆಯದ ಮೂಲವನ್ನು ತೆರೆದಳು. ಏರೊ ಪೂರ್ತಿ ಸಿಕ್ಕಿದ. ಕುಣಿದ, ಸೊಂಟ ಹಿಡಿದುಕೊಂಡ, "ಎಲ್ಮಾ, ಇದನ್ನ ಮಾತ್ರ ಕತ್ತರಿಸ್ಬೇಡ" ಎಂದು ಕ್ಯಾಮೆರಾಕ್ಕೆ ಬೆರಳು ಆಡಿಸಿದ. ನಿಲ್ಲಿಸಬೇಕೆಂದುಕೊಂಡರೂ ಅವಳ ಕೈ ನಿಲ್ಲಿಸಲಿಲ್ಲ. ದಾರಿ ಹಾಗೇ ಓಡಿತು. ಕಂಬಗಳ ಸಾಲು ಬಂತು, ತಿರುವು ಬಂತು, ಎದುರಿಗೆ ಒಂದು ದೀಪ. ಚಿತ್ರದ ಎಡ ಅಂಚಿನಲ್ಲಿ, ಬಾಗಿದ ಮರಗಳ ಪಕ್ಕದಲ್ಲಿ, ತೌನೊನ ಬೂದು ಕೈಗವಸು ಮೇಲೆದ್ದಿತು.

ಮುಷ್ಟಿ.

ಎಲ್ಮಾ ಮತ್ತೆ ನೋಡಲಿಲ್ಲ. ಅಲ್ಲಿಗೆ ನಿಲ್ಲಿಸಿ, ಕೈ ಕಟ್ಟಿಕೊಂಡು ಕುಳಿತಳು. ಮೇಲೆ ಚಾವಣಿಯಿಂದ ತೌನೊ ಹಿಮ ಎಳೆದು ಕೆಡಹುವ ಸದ್ದು ಕೇಳುತ್ತಿತ್ತು. ಅದು ಮುಗಿಯುವವರೆಗೆ ಹಾಗೇ ಇದ್ದಳು.

ತೌನೊ ಮೂಗು ಕೆಂಪಗೆ ಮಾಡಿಕೊಂಡು ಒಳಬಂದ. "ಏನೇ, ಕಾಫಿ ಇಲ್ವಾ? ಅಲ್ಲಿ ನಾನು ಸತ್ತು ಬಿದ್ರೂ ನಿನಗೆ ಸಿನಿಮಾನೇ ಹೆಚ್ಚು."

"ಬಾ, ಕೂತ್ಕೊ."

"ಬೂಟು ಬಿಚ್ಚಿಲ್ಲ. ಆಮೇಲೆ ನೆಲ ಒದ್ದೆಯಾಯ್ತು ಅಂತ ನೀನೇ ಕೂಗ್ತೀಯ."

"ಆಗ್ಲಿ. ಕೂತ್ಕೊ."

ಬೂಟಿನ ಮಾತಿಗೆ ಹೆಂಡತಿ ಸೋತದ್ದು ತೌನೊ ಎಂದೂ ಕಂಡಿರಲಿಲ್ಲ. ಕುಳಿತ. ಅವಳು ತೋರಿಸಿದಳು.

"ಇನ್ನೊಂದ್ಸಲ" ಎಂದ. ತೋರಿಸಿದಳು. "ನಿಧಾನ ಮಾಡು." ನಿಧಾನ ಮಾಡಿದಳು.

"ಅದು ಎತ್ತಿ ಆದ್ಮೇಲೆ ಮಡಚಿದ್ದು ಕಣೇ."

ಎಲ್ಮಾ ಒಂದೊಂದೇ ಚಿತ್ರವಾಗಿ ಹಿಂದಕ್ಕೆ ಹೋದಳು. ಕೈ ಹಿಡಿಕೆ ಬಿಟ್ಟು ಮೇಲೇಳುವಾಗಲೇ ಮುಷ್ಟಿಯಾಗಿತ್ತು.

"ಆ ಗವಸು ದಪ್ಪ. ಅದರಲ್ಲಿ ಬೆರಳೆತ್ತಿದ್ರೂ ಗೊತ್ತಾಗಲ್ಲ."

ಅವಳು ಅದೇ ದಿನದ ಬೆಳಗಿನ ಭಾಗ ತೆಗೆದಳು. ಪೆಟ್ರೋಲ್ ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೆ ಯಾರೋ ಗಂಡಹೆಂಡಿರು ಎದುರಾಗಿದ್ದರು. ಅಲ್ಲಿ ಅದೇ ಗವಸು, ಅದರಲ್ಲಿ ಗೂಟದ ಹಾಗೆ ನಿಂತ ಒಂದು ಬೆರಳು. ಆಮೇಲೆ ಜನವರಿಯ ಓಟಗಳನ್ನು ಒಂದರ ಹಿಂದೊಂದು ತೆಗೆದಳು. ತೌನೊ ಒಬ್ಬನೇ ಹೋದ ದಿನಗಳು. ಎದುರು ದೀಪ, ಮುಷ್ಟಿ. ಎದುರು ದೀಪ, ಮುಷ್ಟಿ.

"ಚಳಿಗಾಲ ಪೂರ್ತಿ ನಿನ್ನ ಕೈ ಇದನ್ನೇ ಮಾಡಿದೆ" ಎಂದಳು. "ಬೆಳಿಗ್ಗೆ ನೆನಪಿತ್ತು. ಆಮೇಲೆ ಮಾತಿನ ಭರದಲ್ಲಿ ಮರೀತು."

ತೌನೊನ ಬೂಟಿನಿಂದ ಕರಗಿದ ನೀರು ಮೇಜಿನ ಕಾಲಿನವರೆಗೆ ಹರಿಯಿತು.

"ಇದನ್ನ ಯಾರು ನೋಡಿದಾರೆ?"

"ನಾನು. ಈಗ ನೀನು."

"ಅಂಚು ಕತ್ತರಿಸೋದು ನಿನ್ನ ಅಭ್ಯಾಸ ತಾನೇ, ಎಲ್ಮಾ." ಅವನ ದನಿ ಮಗುವಿನ ದನಿಯಾಗಿತ್ತು. "ಕತ್ತರಿಸಿಬಿಡು."

"ಒಂದ್ಸಲ ಕತ್ತರಿಸಿ ಆಗಿದೆ. ಅದು ಗೊತ್ತಿಲ್ದೆ ಮಾಡಿದ್ದು. ಗೊತ್ತಿದ್ದೂ ಮಾಡು ಅಂತ ನನಗೆ ಹೇಳ್ಬೇಡ."

"ನಾನು ಸುಳ್ಳು ಹೇಳಿಲ್ಲ ಕಣೇ! ಬೆರಳೆತ್ತಿದ್ದೆ ಅಂತಾನೇ ನನ್ನ ಮನಸ್ಸಲ್ಲಿ ಇತ್ತು. ಈಗ್ಲೂ ಇದೆ!"

"ಗೊತ್ತು. ಇವತ್ತಿನವರೆಗೆ ನೀನು ಸುಳ್ಳು ಹೇಳಿಲ್ಲ."

ಅವನು ಬಾಗಿಲನ್ನು ದಬ್ಬಿಕೊಂಡು ಹೊರಗೆ ಹೋದ. ಬಂಡಿ ನಿಲ್ಲಿಸುವ ಕೊಟ್ಟಿಗೆಗೆ ಹೋದದ್ದು ಕಿಟಕಿಯಿಂದ ಕಂಡಿತು. ಎಂಜಿನ್ ಸದ್ದಾಗಲಿಲ್ಲ. ಎಲ್ಮಾ ಅವನ ಹಿಂದೆ ಹೋಗಲಿಲ್ಲ. ನೆಲ ಒರೆಸಿದಳು. ಆಲೂಗಡ್ಡೆ ಹೆಚ್ಚಿದಳು, ಗಜ್ಜರಿ ಹೆಚ್ಚಿದಳು. ಒಬ್ಬನ ತಪ್ಪು ಅವನ ಹೊಟ್ಟೆಗಿಳಿಯಲು ಹೊತ್ತು ಬೇಕು, ಅವಸರ ಮಾಡಿದರೆ ಹೊರಗೆ ಬರುತ್ತದೆ ಎಂದು ಅವಳ ಲೆಕ್ಕ. ತಾನು ಆ ಹುಡುಗನ ಹೆಸರು ಬಂದಾಗಲೆಲ್ಲ ಊರಿನ ಹೆಂಗಸರ ಜೊತೆ ತಲೆಯಾಡಿಸಿದ್ದು ಅವಳಿಗೂ ಇನ್ನೂ ಇಳಿದಿರಲಿಲ್ಲ.

ಊಟದ ಹೊತ್ತು ಮೀರಿದ ಮೇಲೆ ತೌನೊ ಬಂದ. ಈ ಸಲ ಬೂಟು ಹೊರಗೇ ಬಿಚ್ಚಿದ್ದ.

"ಶೆರಿಫ್ ಹತ್ರ ಹೋಗೋಕೆ ಮುಂಚೆ ಸೈಮಾಗೆ ಹೇಳ್ಬೇಕು. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗ್ಬಾರದು. ನೀನೂ ಬಾ. ಅದನ್ನೂ ತಗೊಂಡ್ ಬಾ."

ಏರೊನ ಹೆಂಡತಿ ಸೈಮಾ ಏಲಕ್ಕಿ ಹಾಕಿದ ಬನ್ನನ್ನು ಒಲೆಯಿಂದ ತೆಗೆಯುತ್ತಿದ್ದಳು. ಎಲ್ಮಾಳ ಕಂಕುಳಲ್ಲಿದ್ದ ಕಂಪ್ಯೂಟರ್ ನೋಡಿ ಅವಳ ಮುಖ ಅರಳಿತು.

"ಏನು, ಸಿನಿಮಾ ತಯಾರಾ? ನನ್ನ ಗಂಡನ ಹೊಟ್ಟೆ ಸ್ವಲ್ಪ ಕಮ್ಮಿ ಮಾಡಿದೀಯ ತಾನೇ? ಊರವರೆಲ್ಲ ನೋಡ್ತಾರೆ."

"ಇನ್ನೂ ಮುಗಿದಿಲ್ಲ, ಸೈಮಾ" ಎಂದಳು ಎಲ್ಮಾ.

ತೌನೊ ಕುಳಿತುಕೊಳ್ಳಲಿಲ್ಲ, ಟೋಪಿ ತೆಗೆಯಲೂ ಇಲ್ಲ. "ಸೈಮಾ, ಆ ಹುಡುಗ ಹೇಳಿದ್ದು ನಿಜ. ನಾನು ಮುಷ್ಟಿ ತೋರಿಸಿದೆ."

ಸೈಮಾ ಬಿಸಿ ತಟ್ಟೆಯನ್ನು ಹಿಡಿದುಕೊಂಡೇ ನಿಂತಳು. ಎಲ್ಮಾ ಹೋಗಿ ಅದನ್ನು ಅವಳ ಕೈಯಿಂದ ಬಿಡಿಸಿ ಕೆಳಗಿಟ್ಟಳು.

"ಏರೊ ಹಿಂದೇನೇ ಇದ್ನಲ್ಲೋ" ಎಂದಳು ಸೈಮಾ.

"ಇದ್ದ."

"ನಿನಗೆ ಗೊತ್ತಿತ್ತಲ್ಲೋ!"

"ಗೊತ್ತಿತ್ತು. ಕ್ಯಾಮೆರಾಗೆ ಅವನ ವಿಷಯಾನೇ ಹೇಳ್ತಿದ್ದೆ. ಕೈ ಮಾತ್ರ ಒಂಟಿಯಾಗಿ ಹೋಗೋನ ಹಾಗೆ ಎದ್ದುಬಿಡ್ತು."

"ತೋರಿಸು."

"ಬೇಡ ಸೈಮಾ, ನಾನು ಹೇಳಿದ್ನಲ್ಲ."

"ತೋರಿಸೇ ಎಲ್ಮಾ!"

ಎಲ್ಮಾ ತೋರಿಸಿದಳು. ಸೈಮಾ ಕನ್ನಡಕ ಹಾಕಿಕೊಂಡು, ಮೇಜಿಗೆ ಎದೆ ಒತ್ತಿ ನೋಡಿದಳು. ಹುಡುಗ ಎದುರಾಗಿ, ಮುಷ್ಟಿ ನೋಡಿ, ತಾನೂ ಮುಷ್ಟಿ ಎತ್ತಿ, ತಲೆಬಾಗಿಸಿ ದಾಟಿಹೋದ. ಒಂಟಿಯವನು ಒಂಟಿಯವನಿಗೆ ಮಾಡುವ ನಮಸ್ಕಾರ. ಎಲ್ಮಾ ಅಲ್ಲಿಗೆ ನಿಲ್ಲಿಸಿದಳು. ಮುಂದೆ ತೌನೊನ ಮಾತಿತ್ತು, ಆಮೇಲೆ ಹಿಂದಿನಿಂದ ಒಂದು ಸದ್ದು. ಅದನ್ನು ಯಾರಿಗೂ ಕೇಳಿಸಲು ಅವಳು ಸಿದ್ಧಳಿರಲಿಲ್ಲ.

ಸೈಮಾ ಎದ್ದಳು. ಬೈಯುತ್ತಾಳೆ, ಇಲ್ಲವೇ ಹೊರಗೆ ಹೋಗಿ ಎನ್ನುತ್ತಾಳೆ ಎಂದುಕೊಂಡರು ಇಬ್ಬರೂ. ಅವಳು ಕಿಟಕಿಯ ಹಲಗೆಯ ಮೇಲಿನ ಫೋನು ತೆಗೆದುಕೊಂಡಳು.

"ಅವನಮ್ಮ ಎರಡ್ಸಲ ಫೋನ್ ಮಾಡಿದ್ಲು. ಮೊದಲನೇ ಸಲ ನಾನು ಮಾತೇ ಆಡ್ಲಿಲ್ಲ. ಎರಡನೇ ಸಲ, ಕೊಲೆಗಾರನ್ನ ಹೆತ್ತಿದೀಯ, ನಿನ್ನ ಹೊಟ್ಟೆ ಉರಿದುಹೋಗ್ಲಿ ಅಂದೆ." ಅವಳ ಬೆರಳು ಪರದೆಯ ಮೇಲೆ ಹುಡುಕುತ್ತಲೇ ಇತ್ತು. "ಅವಳು ತಿರುಗಿ ಒಂದ್ಮಾತೂ ಅನ್ಲಿಲ್ಲ. ಅಳ್ತಾ ಇದ್ಲು. ಅಳ್ಲಿ ಅಂದ್ಕೊಂಡೆ. ತಗೋ."

"ಮೊದಲು ಶೆರಿಫ್ ಹತ್ರ ಹೋಗಿ ಹೇಳಿದ್ರೆ..."

"ಅವನನ್ನ ಶೆರಿಫ್ ಹೆತ್ತಿದಾನಾ? ತಗೋ ತೌನೊ. ಇಷ್ಟು ದಿನ ಊರಿಗೆಲ್ಲ ಹೇಳಿದೀಯ, ಇವಳೊಬ್ಬಳಿಗೆ ಹೇಳು. ನನ್ನ ಹತ್ರ ಆಮೇಲೆ ಮಾತಾಡುವೆಯಂತೆ. ಇವತ್ತಲ್ಲ. ಇವತ್ತು ನನಗೆ ನಿನ್ನ ಮುಖ ನೋಡೋಕೆ ಆಗಲ್ಲ."

ಹಾಗೆಂದು ಅವಳು ಅವನಿಗೆ ಬೆನ್ನು ಹಾಕಿ ಒಲೆಯ ಕಡೆ ತಿರುಗಿ ನಿಂತಳು. ಆದರೆ ಅಡುಗೆಮನೆ ಬಿಟ್ಟು ಹೋಗಲಿಲ್ಲ.

ಫೋನು ಬಹಳ ಹೊತ್ತು ಬಡಿದುಕೊಂಡಿತು. ಈ ನಂಬರು ನೋಡಿ ಹುಡುಗನ ತಾಯಿಗೆ ಎತ್ತಲು ಭಯವಾಗಿರಬೇಕು ಎಂದು ಎಲ್ಮಾ ಯೋಚಿಸಿದಳು. ಕೊನೆಗೆ ಹೆಂಗಸಿನ ದನಿ, "ಮಿಸೆಸ್ ಲಂಪಿ?" ಎಂದಿತು.

"ಅಲ್ಲಮ್ಮ. ನಾನು ತೌನೊ ಕಂಗಾಸ್. ಅವತ್ತು ಏರೊನ ಮುಂದಿದ್ದವನು." ಎಲ್ಮಾ ಅವನ ತೋಳು ಹಿಡಿಯಲು ಹೋಗಿ, ಹಿಡಿಯದೆ ಬಿಟ್ಟಳು. "ನಿಮ್ಮ ಮಗ ನಿಜ ಹೇಳಿದ. ನಾನು ಮುಷ್ಟಿ ತೋರಿಸಿದ್ದೆ. ನನಗೆ ಗೊತ್ತಾಗಿದ್ದು ಇವತ್ತು. ಚಿತ್ರ ಇದೆ. ನಾಳೆ ಬೆಳಿಗ್ಗೆ ಶೆರಿಫ್‌ಗೆ ಕೊಡ್ತೀನಿ, ನ್ಯಾಯಾಧೀಶರ ಮುಂದೂ ಬಂದು ಹೇಳ್ತೀನಿ."

ಸೈಮಾಳ ಬೆನ್ನು ಅಲುಗಲಿಲ್ಲ.

ಆಮೇಲೆ ಆ ಹೆಂಗಸು ಫೋನನ್ನು ದೂರ ಹಿಡಿದು ಕೂಗಿದಳು. "ಟ್ರೆಂಟ್! ಟ್ರೆಂಟ್, ಕೆಳಗೆ ಬಾ ಮಗಾ. ಇಲ್ಲೊಬ್ಬರಿದಾರೆ, ನೀನೇ ಕೇಳ್ಬೇಕು." ಯಾವುದೋ ಕಾಣದ ಮನೆಯ ಮೆಟ್ಟಿಲ ಮೇಲೆ ಕಾಲಸಪ್ಪಳ ಒಂದೊಂದಾಗಿ ಇಳಿಯುತ್ತ ಬಂತು. ತೌನೊ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಹುಡುಗನ ದನಿಗಾಗಿ ಕಾಯುತ್ತ ನಿಂತ.